ಮ್ಯಾಕ್‌ಬೆತ್ ಚಿಕ್ಕದು ಅಂತ ಆರಿಸಬೇಡಿ: ಯಾವ ದುರಂತ ನಾಟಕ ಯಾರಿಗೆ?

ಪ್ರಾಜೆಕ್ಟ್‌ಗೆ ನಾಟಕ ಆರಿಸಿಕೊಳ್ಳುವ ದಿನ ಪ್ರತಿ ವರ್ಷ ಸ್ಟಾಫ್ ರೂಮಿನ ಬಾಗಿಲಲ್ಲಿ ಇದೇ ಮಾತು. "ಮೇಡಂ, ನಾನು ಮ್ಯಾಕ್‌ಬೆತ್ ತಗೊಳ್ತೀನಿ. ಅದೇ ಚಿಕ್ಕದು ಅಲ್ವಾ?" ಚಿಕ್ಕದು ನಿಜ. ಷೇಕ್ಸ್‌ಪಿಯರ್‌ನ ದುರಂತ ನಾಟಕಗಳಲ್ಲಿ ಅದೇ ಅತಿ ಚಿಕ್ಕದು. ಹ್ಯಾಮ್ಲೆಟ್ ಸುಮಾರು 4,000 ಸಾಲು. ಮ್ಯಾಕ್‌ಬೆತ್ ಅದರ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಆದರೆ ತಿಂಗಳು ಕಳೆಯುವ ಹೊತ್ತಿಗೆ ಅದೇ ವಿದ್ಯಾರ್ಥಿ ಮತ್ತೆ ಬಂದು ನಿಲ್ಲುತ್ತಾರೆ. "ಕತೆ ಗೊತ್ತು ಮೇಡಂ, ಸಾಲು ಅರ್ಥ ಆಗ್ತಿಲ್ಲ."

ಬಿ.ಎ. ಅಥವಾ ಎಂ.ಎ. ಇಂಗ್ಲಿಷ್ ಓದುತ್ತಾ, ಪ್ರಾಜೆಕ್ಟ್‌ಗೋ ಸೆಮಿನಾರ್‌ಗೋ ಒಂದು ದುರಂತ ನಾಟಕ ಆರಿಸಬೇಕಾದವರಿಗೆ ಇದನ್ನು ಬರೆಯುತ್ತಿದ್ದೇನೆ. ಅದರಲ್ಲೂ ಹತ್ತನೇ ಕ್ಲಾಸಿನವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಬಂದವರಿಗೆ. ನಾನೂ ಹಾಗೇ ಬಂದವಳು. ಐದು ನಾಟಕಗಳನ್ನು ಎದುರಿಗೆ ಇಟ್ಟುಕೊಳ್ಳೋಣ: ಹ್ಯಾಮ್ಲೆಟ್, ಒಥೆಲೋ, ಕಿಂಗ್ ಲಿಯರ್, ಮ್ಯಾಕ್‌ಬೆತ್, ಜೊತೆಗೆ ಸಾಫೊಕ್ಲಿಸ್‌ನ ಈಡಿಪಸ್. ಮೊದಲ ನಾಲ್ಕನ್ನು ಒಂದೇ ಗುಂಪಾಗಿ ಓದುವ ರೂಢಿ ಗಟ್ಟಿಯಾದದ್ದು ವಿಮರ್ಶಕ ಎ.ಸಿ. ಬ್ರ್ಯಾಡ್ಲಿ ಅವುಗಳ ಮೇಲೆ 1904ರಲ್ಲಿ ಪುಸ್ತಕ ತಂದ ಮೇಲೆ. ಐದನೆಯದು ಗ್ರೀಕ್ ನಾಟಕ. ಅದನ್ನು ಅನುವಾದದಲ್ಲೇ ಓದುತ್ತೇವೆ. ಆ ಮಾತಿಗೆ ಆಮೇಲೆ ಬರುತ್ತೇನೆ.

ನಾಟಕ ಆರಿಸಲು ನಾನು ಹೇಳುವ ಪರೀಕ್ಷೆ ಒಂದೇ. ಪುಟ ಎಣಿಸಬೇಡಿ. ಒಂದು ಒಳ್ಳೆಯ ದೃಶ್ಯ ತೆಗೆದು ಗಟ್ಟಿಯಾಗಿ ಓದಿ. ಅಡಿಟಿಪ್ಪಣಿ ನೋಡದೆ ಎಷ್ಟು ದೂರ ಹೋದಿರಿ, ಎಲ್ಲಿ ನಿಂತಿರಿ ಅಂತ ಗುರುತು ಹಾಕಿ. ಕತೆ ಎಲ್ಲಿ ಬೇಕಾದರೂ ಸಿಗುತ್ತದೆ. ಪ್ರಾಜೆಕ್ಟ್ ಬರೆಯುವಾಗ ನಿಮ್ಮ ಕೈಹಿಡಿಯುವುದು ಸಾಲುಗಳು ಮಾತ್ರ.

ಮೊದಲ ಸಲ ಓದುವವರಿಗೆ: ಒಥೆಲೋ

ಸುತ್ತಿಬಳಸದೆ ಹೇಳುತ್ತೇನೆ. ಇದೇ ನಿಮ್ಮ ಮೊದಲ ದುರಂತ ನಾಟಕವಾದರೆ ಒಥೆಲೋ ತಗೊಳ್ಳಿ. ಮ್ಯಾಕ್‌ಬೆತ್‌ಗಿಂತ ಸಾವಿರ ಸಾಲು ಹೆಚ್ಚಿದೆ, ಆದರೂ ತಗೊಳ್ಳಿ.

ಕಾರಣ ಅದರ ಭಾಷೆ. ವೆನಿಸ್‌ನ ಸೇನಾಪತಿ ಒಥೆಲೋ ದೊಡ್ಡ ಮಾತಾಡುತ್ತಾನೆ, ನಿಜ. ಆದರೆ ನಾಟಕವನ್ನು ಮುಂದಕ್ಕೆ ತಳ್ಳುವವನು ಅವನ ಕೈಕೆಳಗಿನ ಇಯಾಗೋ. ಅವನು ಕೆಲಸ ಸಾಧಿಸುವುದೇ ಪುಟ್ಟ ಪುಟ್ಟ ಪದಗಳಲ್ಲಿ. ಮೂರನೇ ಅಂಕದ ಮೂರನೇ ದೃಶ್ಯ ತೆಗೆಯಿರಿ. ಒಥೆಲೋನ ಇನ್ನೊಬ್ಬ ಅಧಿಕಾರಿ ಕ್ಯಾಸಿಯೋ, ಒಥೆಲೋನ ಹೆಂಡತಿ ಡೆಸ್ಡಿಮೋನಾ ಹತ್ತಿರ ಮಾತಾಡಿ ಹೋಗುತ್ತಿದ್ದಾನೆ. ಇಯಾಗೋ ತನಗೆ ತಾನೇ ಅಂದುಕೊಂಡಂತೆ, "ಹಾ, ಐ ಲೈಕ್ ನಾಟ್ ದಟ್" ಅನ್ನುತ್ತಾನೆ. ಏನಂದೆ ಅಂತ ಒಥೆಲೋ ಕೇಳಿದರೆ "ನಥಿಂಗ್, ಮೈ ಲಾರ್ಡ್". ಸ್ವಲ್ಪ ಹೊತ್ತಾದ ಮೇಲೆ ಕ್ಯಾಸಿಯೋ ಬಗ್ಗೆ ಈ ಮಾತುಕತೆ, ಮೊದಲು ಕೇಳುವವನು ಒಥೆಲೋ:

"ಈಸ್ ಹಿ ನಾಟ್ ಆನೆಸ್ಟ್?"
"ಆನೆಸ್ಟ್, ಮೈ ಲಾರ್ಡ್?"
"ಆನೆಸ್ಟ್? ಐ, ಆನೆಸ್ಟ್."
"ಮೈ ಲಾರ್ಡ್, ಫಾರ್ ಆಟ್ ಐ ನೋ."
"ವಾಟ್ ಡಸ್ಟ್ ದೌ ಥಿಂಕ್?"
"ಥಿಂಕ್, ಮೈ ಲಾರ್ಡ್?"

ಇದರಲ್ಲಿ ಡಿಕ್ಷನರಿ ನೋಡಬೇಕಾದ ಪದ ಎಷ್ಟಿವೆ? ಹೆಚ್ಚೆಂದರೆ ಒಂದೆರಡು. ಆದರೆ ಇಲ್ಲೇ ಒಬ್ಬ ಮನುಷ್ಯನ ಬದುಕು ಕುಸಿಯಲು ಶುರುವಾಗುತ್ತದೆ. ಇಯಾಗೋ ಯಾರ ಮೇಲೂ ಏನನ್ನೂ ಹೊರಿಸಿಲ್ಲ. ಕೇಳಿದ ಪದವನ್ನೇ ವಾಪಸ್ ಕೊಟ್ಟಿದ್ದಾನೆ, ಕೊನೆಗೊಂದು ಪ್ರಶ್ನೆಯ ರಾಗ ಸೇರಿಸಿ. ನಮ್ಮೂರಲ್ಲೂ ಚಾಡಿ ಹೀಗೇ ಹತ್ತಿಕೊಳ್ಳುವುದು. "ಅವನು ಒಳ್ಳೆಯವನಲ್ವಾ?" "ಒಳ್ಳೆಯವನಾ... ಹೂಂ, ನನಗೆ ಗೊತ್ತಿರೋ ಮಟ್ಟಿಗೆ." ಆ ಎಳೆತ ನಿಮ್ಮ ಕಿವಿಗೆ ಆಗಲೇ ಗೊತ್ತು. ಆ ಕಿವಿಯಿಂದಲೇ ಓದಿ.

ಆನೆಸ್ಟ್, ಆನೆಸ್ಟಿ ಅನ್ನುವ ಪದಗಳು ಈ ನಾಟಕದಲ್ಲಿ ಐವತ್ತಕ್ಕೂ ಹೆಚ್ಚು ಸಲ ಬರುತ್ತವೆ. ಒಂದು ಪೆನ್ಸಿಲ್ ಹಿಡಿದು ಎಲ್ಲಕ್ಕೂ ಗೆರೆ ಎಳೆಯಿರಿ. ಯಾರು ಯಾರಿಗೆ ಹೇಳಿದರು ಅಂತ ಪಕ್ಕದಲ್ಲಿ ಬರೆಯಿರಿ. ಹೆಚ್ಚು ಸಲ ಅದು ಇಯಾಗೋ ತಲೆಯ ಮೇಲೇ ಹೋಗಿ ಕೂರುವುದು ಕಾಣುತ್ತದೆ. ಪ್ರಾಜೆಕ್ಟಿನ ಒಂದು ಅಧ್ಯಾಯ ಅಲ್ಲೇ ಸಿಕ್ಕಿತು.

ಇನ್ನು ಕರ್ಚೀಫು. ಒಥೆಲೋಗೆ ತಲೆ ಸಿಡಿಯುತ್ತಿದೆ. ಡೆಸ್ಡಿಮೋನಾ ತನ್ನ ಕರ್ಚೀಫಿನಿಂದ ಹಣೆ ಕಟ್ಟಲು ಬರುತ್ತಾಳೆ. ಅದು ತೀರಾ ಚಿಕ್ಕದು ಅಂತ ಅವನು ಬೇಡ ಅನ್ನುತ್ತಾನೆ. ಅದು ಕೆಳಗೆ ಬೀಳುತ್ತದೆ. ಇಬ್ಬರೂ ನೋಡುವುದಿಲ್ಲ. ಎಮಿಲಿಯಾ ಎತ್ತಿಕೊಂಡು ಗಂಡ ಇಯಾಗೋಗೆ ಕೊಡುತ್ತಾಳೆ. ಡೆಸ್ಡಿಮೋನಾ ಕ್ಯಾಸಿಯೋ ಜೊತೆ ಸೇರಿ ಮೋಸ ಮಾಡಿದಳು ಅನ್ನುವ ಸುಳ್ಳಿಗೆ ಮುಂದೆ ಅದೇ ಸಾಕ್ಷಿ! ಮೂರನೇ ಅಂಕದಲ್ಲಿ ಒಥೆಲೋ ಹೆಂಡತಿಗೆ ಹೇಳುತ್ತಾನೆ, ಈ ಕರ್ಚೀಫನ್ನು ನನ್ನ ಅಮ್ಮನಿಗೆ ಈಜಿಪ್ಟಿನ ಮಾಟಗಾತಿಯೊಬ್ಬಳು ಕೊಟ್ಟಳು ಅಂತ. ಐದನೇ ಅಂಕದಲ್ಲಿ ಅದೇ ಒಥೆಲೋ, ನನ್ನ ಅಪ್ಪ ಅಮ್ಮನಿಗೆ ಕೊಟ್ಟದ್ದು ಅನ್ನುತ್ತಾನೆ. ಯಾವುದು ನಿಜ? ಹೆಂಡತಿಯನ್ನು ಹೆದರಿಸಲು ಆಗ ಕತೆ ಕಟ್ಟಿದನಾ? ನಾಟಕ ಉತ್ತರ ಕೊಡುವುದಿಲ್ಲ. ಥಾಮಸ್ ರೈಮರ್ ಅನ್ನುವ ವಿಮರ್ಶಕ 1693ರಲ್ಲೇ ಇಷ್ಟು ಸಣ್ಣ ವಸ್ತುವಿನ ಮೇಲೆ ಇಷ್ಟು ದೊಡ್ಡ ನಾಟಕವೇ ಅಂತ ಹೀಯಾಳಿಸಿದ. ಅವನಿಗೆ ಉತ್ತರ ಬರೆಯಿರಿ. ಸಣ್ಣ ವಸ್ತು ಆಗಿರುವುದೇ ಭಯಂಕರ ಅಂತ ನನಗನ್ನಿಸುತ್ತದೆ.

ಒಂದು ಎಚ್ಚರಿಕೆಯೂ ಇದೆ. ಒಥೆಲೋ ಅಂದರೆ ಹೊಟ್ಟೆಕಿಚ್ಚಿನ ನಾಟಕ ಅಂತ ಒಂದೇ ಸಾಲಲ್ಲಿ ಮುಗಿಸುವ ಗೈಡುಗಳಿವೆ. ಮೊದಲ ದೃಶ್ಯವನ್ನೇ ನೋಡಿ. ಎಲ್ಲರೂ ಅವನ ಬಗ್ಗೆಯೇ ಮಾತಾಡುತ್ತಾರೆ, ಆದರೆ ಯಾರ ಬಾಯಲ್ಲೂ ಅವನ ಹೆಸರಿಲ್ಲ. 'ಮೂರ್' (ಆಫ್ರಿಕಾ ಮೂಲದವನು) ಅನ್ನುತ್ತಾರೆ, ಬಣ್ಣ ಹಿಡಿದು ಬೈಯುತ್ತಾರೆ, ಪ್ರಾಣಿಗೆ ಹೋಲಿಸುತ್ತಾರೆ. ವೆನಿಸ್‌ಗೆ ಅವನ ಯುದ್ಧದ ಕೈ ಬೇಕಾದಾಗ, ಮೊದಲ ಅಂಕದ ಮೂರನೇ ದೃಶ್ಯದಲ್ಲಿ, ಡ್ಯೂಕ್ "ವೇಲಿಯಂಟ್ ಒಥೆಲೋ" ಅಂತ ಹೆಸರು ಹಿಡಿದು ಕರೆಯುತ್ತಾನೆ. ಮಗಳು ತಾನಾಗಿ ಇವನನ್ನು ಮೆಚ್ಚಿದಳು ಅಂತ ಅಪ್ಪನಿಗೆ ನಂಬಲಾಗುವುದಿಲ್ಲ. ಮದ್ದು ಹಾಕಿರಬೇಕು, ಮಾಟ ಮಾಡಿರಬೇಕು ಅನ್ನುತ್ತಾನೆ. ಜಾತಿ ಮೀರಿದ ಮದುವೆಯ ಸುದ್ದಿ ಓದಿದ ಯಾರಿಗೂ ಈ ಅಪ್ಪನ ಮಾತು ಹೊಸದಲ್ಲ. ನನ್ನ ಕ್ಲಾಸಿನಲ್ಲಿ ಈ ಭಾಗ ಬಂದಾಗ ಕೊನೆಯ ಬೆಂಚಿನವರೂ ಸುಮ್ಮನಾಗಿ ಕೇಳುತ್ತಾರೆ. ಆಫ್ರಿಕನ್ ಅಮೆರಿಕನ್ ನಟ ಪಾಲ್ ರಾಬ್ಸನ್ 1930ರಲ್ಲಿ ಲಂಡನ್ನಿನಲ್ಲಿ, 1943ರಲ್ಲಿ ನ್ಯೂಯಾರ್ಕಿನ ಬ್ರಾಡ್‌ವೇಯಲ್ಲಿ ಈ ಪಾತ್ರ ಮಾಡಿದ್ದು ಯಾಕೆ ಅಷ್ಟು ದೊಡ್ಡ ವಿಷಯವಾಯಿತು ಅನ್ನುವುದನ್ನೂ ಈ ದಾರಿಯಲ್ಲೇ ಹುಡುಕಬಹುದು.

ಕವಿತೆ ಇಷ್ಟಪಡುವವರಿಗೆ: ಮ್ಯಾಕ್‌ಬೆತ್

ಮ್ಯಾಕ್‌ಬೆತ್ ಬೇಡ ಅಂತ ನಾನು ಹೇಳುತ್ತಿಲ್ಲ. ಐದರಲ್ಲಿ ನನಗೆ ಹೆಚ್ಚು ಪ್ರೀತಿಯ ನಾಟಕ ಅದೇ. ಆದರೆ ಚಿಕ್ಕದಾಗಿರುವುದಕ್ಕೇ ಅದು ಕಷ್ಟ. ಅಲ್ಲಿ ಷೇಕ್ಸ್‌ಪಿಯರ್ ಎಲ್ಲವನ್ನೂ ಒತ್ತಿ ತುಂಬಿದ್ದಾನೆ. ಒಂದು ಸಾಲಲ್ಲಿ ಮೂರು ಚಿತ್ರ, ಒಂದರ ಮೇಲೊಂದು. ಒಥೆಲೋದಲ್ಲಿ ಒಂದು ಸಾಲು ಬಿಟ್ಟುಹೋದರೆ ಮುಂದಿನ ಸಾಲು ಕೈಹಿಡಿಯುತ್ತದೆ. ಇಲ್ಲಿ ಹಾಗಿಲ್ಲ.

ರಾಜ ಡಂಕನ್‌ನನ್ನು ಕೊಂದು ಬಂದ ಮ್ಯಾಕ್‌ಬೆತ್ ತನ್ನ ಕೈ ನೋಡಿಕೊಳ್ಳುವ ಸಾಲು ನೋಡಿ. ಸಮುದ್ರದ ನೀರೆಲ್ಲ ಸುರಿದರೂ ಈ ರಕ್ತ ಹೋದೀತಾ? ಇಲ್ಲ, ಈ ಕೈಯೇ "ದ ಮಲ್ಟಿಟ್ಯೂಡಿನಸ್ ಸೀಸ್ ಇನ್‌ಕಾರ್ನಡಿನ್, ಮೇಕಿಂಗ್ ದ ಗ್ರೀನ್ ಒನ್ ರೆಡ್". ಮೊದಲರ್ಧದಲ್ಲಿ ಲ್ಯಾಟಿನ್ ಮೂಲದ ಭಾರಿ ಪದಗಳು ಉರುಳಿಕೊಂಡು ಬರುತ್ತವೆ. ಎರಡನೆಯ ಅರ್ಧದಲ್ಲಿ ಮಗುವಿಗೂ ಗೊತ್ತಿರುವ ಪದಗಳು: ಹಸಿರು, ಒಂದು, ಕೆಂಪು. ಕನ್ನಡ ಓದುಗರಿಗೆ ಇದು ಬೇಗ ಹೊಳೆಯಬೇಕು. ಉದ್ದನೆಯ ಸಂಸ್ಕೃತ ಸಮಾಸ ಎಳೆದು, ಕೊನೆಗೆ ಅಚ್ಚಗನ್ನಡದ ಒಂದು ಮಾತಿನಿಂದ ಹೊಡೆಯುವುದನ್ನು ನಮ್ಮ ಹಳೆಯ ಕಾವ್ಯದಲ್ಲಿ ಕಂಡವರು ನಾವು. ಇಂಗ್ಲಿಷ್ ಮಾತ್ರ ಗೊತ್ತಿರುವವರಿಗಿಂತ ಈ ಸಾಲಿನ ಕೆಲಸ ನಿಮಗೆ ಚೆನ್ನಾಗಿ ಕೇಳಿಸುತ್ತದೆ ಅಂತ ನಾನು ನಂಬಿದ್ದೇನೆ.

ಅವನು ಸಮುದ್ರದ ಮಾತಾಡಿದರೆ ಹೆಂಡತಿ ಬಂದು, ಸ್ವಲ್ಪ ನೀರು ಸಾಕು ಅನ್ನುತ್ತಾಳೆ: "ಎ ಲಿಟಲ್ ವಾಟರ್ ಕ್ಲಿಯರ್ಸ್ ಅಸ್ ಆಫ್ ದಿಸ್ ಡೀಡ್." ಆ 'ಲಿಟಲ್' ಪದ ನೆನಪಿಡಿ. ಐದನೇ ಅಂಕದಲ್ಲಿ ನಿದ್ದೆಯಲ್ಲಿ ನಡೆಯುತ್ತಾ ಕೈ ಉಜ್ಜಿಕೊಳ್ಳುವಾಗ ಅದೇ ಪದ ಅವಳ ಬಾಯಿಗೆ ವಾಪಸ್ ಬರುತ್ತದೆ. ಅರೇಬಿಯಾದ ಸುಗಂಧವೆಲ್ಲ ಸುರಿದರೂ "ದಿಸ್ ಲಿಟಲ್ ಹ್ಯಾಂಡ್" ವಾಸನೆ ಹೋಗದು ಅನ್ನುತ್ತಾಳೆ. ಅಷ್ಟು ಹೊತ್ತೂ ಅವಳ ಮಾತು ಬಿಡಿಬಿಡಿ ಗದ್ಯ. ಪದ್ಯದ ಲಯ ಅವಳಿಂದ ಜಾರಿಹೋಗಿದೆ. ಇಂಥದ್ದನ್ನು ಹುಡುಕಿ ಹುಡುಕಿ ಖುಷಿಪಡುವ ಬುದ್ಧಿ ನಿಮ್ಮದಾದರೆ ಮ್ಯಾಕ್‌ಬೆತ್ ನಿಮ್ಮ ನಾಟಕ. ಕತೆ ಬೇಗ ಮುಗಿಯಲಿ ಅನ್ನುವವರಿಗೆ ಅಲ್ಲ.

ಇದಕ್ಕೆ ಕನ್ನಡದ ನಂಟೂ ಹಳೆಯದು. ಹತ್ತೊಂಬತ್ತನೇ ಶತಮಾನದಲ್ಲೇ ಶ್ರೀಕಂಠೇಶಗೌಡರು ಇದನ್ನು 'ಪ್ರತಾಪರುದ್ರದೇವ' ಮಾಡಿದರು. ಡಿ.ವಿ.ಜಿ. ಅನುವಾದಿಸಿದ್ದಾರೆ. ಬಿ.ವಿ. ಕಾರಂತರು ರಾಷ್ಟ್ರೀಯ ನಾಟಕ ಶಾಲೆಗಾಗಿ ಹಿಂದಿಯಲ್ಲಿ ಮಾಡಿಸಿದಾಗ ಯಕ್ಷಗಾನದ ನಡೆ ತಂದರು. ಹೋಲಿಕೆಯ ಪ್ರಾಜೆಕ್ಟ್ ಮಾಡುವವರಿಗೆ ಇಲ್ಲಿ ಸಾಮಗ್ರಿ ಜಾಸ್ತಿ.

ಲಿಯರ್ ಯಾವಾಗ?

ಎರಡನೇ ನಾಟಕವಾಗಿ. ಮೊದಲ ನಾಟಕವಾಗಿ ಖಂಡಿತ ಬೇಡ.

ಆಸ್ತಿ ಹಂಚುವ ಅಪ್ಪ, ಹೊಗಳಿದ ಇಬ್ಬರು ಹೆಣ್ಣುಮಕ್ಕಳು, ಹೊಗಳದ ಕಿರಿಯವಳು. ಶುರು ಅಜ್ಜಿಕತೆಯ ಹಾಗಿದೆ, ಅದಕ್ಕೇ ಸುಲಭ ಅನ್ನಿಸುತ್ತದೆ. ಆಮೇಲೆ ಆಸ್ಥಾನದ ಗ್ಲಾಸ್ಟರ್ ಮತ್ತವನ ಇಬ್ಬರು ಗಂಡುಮಕ್ಕಳ ಕತೆ ಜೊತೆಗೂಡುತ್ತದೆ. ಬಿರುಗಾಳಿಯಲ್ಲಿ ಒಬ್ಬ ನಿಜವಾಗಿ ಹುಚ್ಚನಾಗುತ್ತಿರುವ ರಾಜ, ಒಬ್ಬ ಹುಚ್ಚನ ವೇಷದವನು, ಒಬ್ಬ ವಿದೂಷಕ ಒಟ್ಟಿಗೆ ಮಾತಾಡುತ್ತಾರೆ. ಯಾರ ಮಾತು ಯಾರಿಗೆ ಅನ್ನುವುದೇ ತಿಳಿಯದೆ ನಾನು ಬಿ.ಎ.ಯಲ್ಲಿ ಪುಸ್ತಕ ಮುಚ್ಚಿಟ್ಟಿದ್ದೆ. ಮತ್ತೆ ತೆಗೆದದ್ದು ನನ್ನ ಅಪ್ಪನಿಗೆ ವಯಸ್ಸಾದ ಮೇಲೆ.

ಮುದ್ರಣದ ತೊಡಕೂ ಇದೆ. 1608ರ ಕ್ವಾರ್ಟೋ (ಈ ಒಂದೇ ನಾಟಕದ ಚಿಕ್ಕ ಪುಸ್ತಕ) ಒಂದು ಪಾಠ, 1623ರ ಫೋಲಿಯೋ (ಷೇಕ್ಸ್‌ಪಿಯರ್ ನಾಟಕಗಳ ದೊಡ್ಡ ಸಂಗ್ರಹ) ಇನ್ನೊಂದು. ಎರಡರ ನಡುವೆ ನೂರಾರು ಸಾಲುಗಳ ವ್ಯತ್ಯಾಸ. ಸತ್ತ ಕಿರಿಯ ಮಗಳು ಕಾರ್ಡೀಲಿಯಾಳನ್ನು ನೋಡಿ ಲಿಯರ್ ಹೇಳುವ "ನೆವರ್" ಫೋಲಿಯೋದಲ್ಲಿ ಐದು ಸಲ, ಕ್ವಾರ್ಟೋದಲ್ಲಿ ಮೂರು ಸಲ. ನಿಮ್ಮ ಕೈಯಲ್ಲಿರುವ ಪುಸ್ತಕದಲ್ಲಿ ಎಷ್ಟಿವೆ, ಎಣಿಸಿ ನೋಡಿ. ಈ ಕೊನೆಯನ್ನು ತಡೆದುಕೊಳ್ಳಲಾಗದೆ ಕವಿ ನೇಹಮ್ ಟೇಟ್ 1681ರಲ್ಲಿ ಕಾರ್ಡೀಲಿಯಾ ಬದುಕುವಂತೆ, ಮದುವೆಯೂ ಆಗುವಂತೆ ತಿದ್ದಿ ಬರೆದ. ಸುಮಾರು ಒಂದೂವರೆ ಶತಮಾನ ಇಂಗ್ಲಿಷ್ ರಂಗಭೂಮಿಯಲ್ಲಿ ಆಡಿದ್ದು ಆ ಸುಖಾಂತ್ಯದ ಲಿಯರ್. ವಿಮರ್ಶಕ ಸಾಮ್ಯುಯೆಲ್ ಜಾನ್ಸನ್‌ಗೂ ಕಾರ್ಡೀಲಿಯಾಳ ಸಾವು ಎಷ್ಟು ನೋವು ಕೊಟ್ಟಿತ್ತು ಅಂದರೆ, ಸಂಪಾದನೆಯ ಕೆಲಸಕ್ಕೆ ಬೇಕಾಗುವವರೆಗೂ ಆ ದೃಶ್ಯಗಳನ್ನು ಮತ್ತೆ ಓದಲು ಅವನಿಗೆ ಮನಸ್ಸಾಗಿರಲಿಲ್ಲ. ಎಂ.ಎ.ಯವರು ಲಿಯರ್ ಆರಿಸಿದರೆ ಈ ಪಾಠಭೇದದ ಕತೆಯನ್ನೇ ಹಿಡಿಯಬಹುದು.

ಲಿಯರ್ ಓದಿದರೆ ಒಂದು ಗುಂಡಿಯನ್ನು ಹಿಂಬಾಲಿಸಿ. ಅಂಗಿಯ ಗುಂಡಿ. ಬಿರುಗಾಳಿಯಲ್ಲಿ ಬಟ್ಟೆ ಕಿತ್ತೊಗೆಯುತ್ತಾ "ಕಮ್, ಅನ್‌ಬಟನ್ ಹಿಯರ್" ಅನ್ನುವಾಗ ಅದು ಹುಚ್ಚು ರಾಜನ ಅಪ್ಪಣೆ. ಸಾಯುವ ಮುಂಚೆ "ಪ್ರೇ ಯೂ, ಅನ್‌ಡೂ ದಿಸ್ ಬಟನ್" ಅನ್ನುತ್ತಾನೆ. ಜೊತೆಗೇ "ಥ್ಯಾಂಕ್ ಯೂ, ಸರ್". ರಾಜನಾಗಿದ್ದವನು ಒಂದು ಗುಂಡಿಗಾಗಿ ಇನ್ನೊಬ್ಬರನ್ನು ಬೇಡಿಕೊಂಡು, ಉಪಕಾರ ನೆನೆಯುತ್ತಾನೆ. ವಯಸ್ಸಾದವರ ಅಂಗಿಯ ಗುಂಡಿ ಹಾಕಿ ಗೊತ್ತಿದ್ದವರಿಗೆ ಈ ಸಾಲು ಬಿಡಿಸಿ ಹೇಳಬೇಕಾಗಿಲ್ಲ.

ಹ್ಯಾಮ್ಲೆಟ್ ಬಗ್ಗೆ ಚಿಕ್ಕದಾಗಿ ಹೇಳಿಬಿಡುತ್ತೇನೆ. ಒಂದು ಸೆಮಿಸ್ಟರ್ ಪೂರ್ತಿ ಕೈಯಲ್ಲಿದ್ದರೆ ತಗೊಳ್ಳಿ, ಆರು ವಾರ ಮಾತ್ರ ಇದ್ದರೆ ಬೇಡ. ಷೇಕ್ಸ್‌ಪಿಯರ್‌ನ ಅತಿ ಉದ್ದದ ನಾಟಕ, ಅತಿ ಉದ್ದದ ಪಾತ್ರ. ವಿಮರ್ಶೆಯ ರಾಶಿ ಎಷ್ಟಿದೆಯೆಂದರೆ ವಿದ್ಯಾರ್ಥಿಗಳು ನಾಟಕ ಬಿಟ್ಟು ವಿಮರ್ಶೆಗಳನ್ನೇ ಓದಿ ಸುಸ್ತಾಗುತ್ತಾರೆ. ತಗೊಂಡರೆ ಒಂದೇ ದೃಶ್ಯಕ್ಕೆ ಅಂಟಿಕೊಳ್ಳಿ, ಹ್ಯಾಮ್ಲೆಟ್‌ನ ಚಿಕ್ಕಪ್ಪ ಕ್ಲಾಡಿಯಸ್ ಪ್ರಾರ್ಥನೆ ಮಾಡುವ ದೃಶ್ಯ ಒಳ್ಳೆಯದು. ಈ ನಾಟಕವನ್ನೇ ಬಿದನೂರಿನ ಚರಿತ್ರೆಗೆ ತಂದ ಕುವೆಂಪು ಅವರ 'ರಕ್ತಾಕ್ಷಿ'ಯನ್ನು ಪಕ್ಕದಲ್ಲಿಟ್ಟು ಓದುವುದು ಇನ್ನೊಂದು ದಾರಿ. ಅದು ನಿಜಕ್ಕೂ ಚೆಂದದ ಪ್ರಾಜೆಕ್ಟ್.

ಥಿಯರಿ ಪೇಪರಿನ ಜೊತೆಗೆ: ಈಡಿಪಸ್

ಅರಿಸ್ಟಾಟಲ್ ತನ್ನ ಕಾವ್ಯಮೀಮಾಂಸೆಯಲ್ಲಿ ಮತ್ತೆ ಮತ್ತೆ ಉದಾಹರಣೆಗೆ ತಗೊಳ್ಳುವುದು ಈ ನಾಟಕವನ್ನು. ಆ ಪೇಪರೂ ಅದೇ ವರ್ಷ ಇದ್ದರೆ ಈಡಿಪಸ್ ಆರಿಸಿ, ಒಂದು ಓದಿನಲ್ಲಿ ಎರಡು ಕೆಲಸ ಆಗುತ್ತದೆ. ಉದ್ದ ಸುಮಾರು 1,500 ಸಾಲು, ಮ್ಯಾಕ್‌ಬೆತ್‌ಗಿಂತಲೂ ಕಡಿಮೆ. ಉಪಕತೆ ಇಲ್ಲ. ಒಂದೇ ಜಾಗ, ಒಂದೇ ದಿನ.

ಕಾರಿಂಥ್‌ನಿಂದ ಬರುವ ದೂತನ ದೃಶ್ಯ ಓದಿ. ಅವನು ತಂದದ್ದು ಒಳ್ಳೆಯ ಸುದ್ದಿ. ಈಡಿಪಸ್ ತನ್ನ ಅಪ್ಪ ಅಂದುಕೊಂಡಿರುವ ರಾಜ ಪಾಲಿಬಸ್ ವಯಸ್ಸಾಗಿ ತೀರಿಕೊಂಡ, ನೀನೇ ಅಲ್ಲಿಗೂ ರಾಜ ಅಂತ. ತಾಯಿಯನ್ನು ಮದುವೆಯಾಗುತ್ತೀಯ ಅನ್ನುವ ಭವಿಷ್ಯವಾಣಿಯ ಭಯ ಇನ್ನೂ ಇದೆ ಅಂತ ಈಡಿಪಸ್ ಅಂದಾಗ, ಸಮಾಧಾನ ಮಾಡಲೆಂದೇ ದೂತ ಹೇಳುತ್ತಾನೆ, ಅವರು ನಿನ್ನ ಹೆತ್ತವರೇ ಅಲ್ಲವಲ್ಲ ಅಂತ. ಸಮಾಧಾನದ ಮಾತೇ ಸರ್ವನಾಶ ಮಾಡುತ್ತದೆ. ಪಕ್ಕದಲ್ಲಿ ನಿಂತ ಹೆಂಡತಿ ಯೊಕಾಸ್ಟಾಗೆ, ಅವಳೇ ಹೆತ್ತ ತಾಯಿ, ಎಲ್ಲಕ್ಕಿಂತ ಮುಂಚೆ ಅರ್ಥವಾಗುತ್ತದೆ. ಮುಂದೆ ಕೇಳಬೇಡ ಅಂತ ಬೇಡಿಕೊಳ್ಳುತ್ತಾಳೆ.

ಅರಿಸ್ಟಾಟಲ್ ಬಳಸುವ 'ಹಮಾರ್ಷಿಯಾ' ಪದವನ್ನು 'ನಾಯಕನ ಸ್ವಭಾವದ ದೋಷ' ಅಂತ ಬಾಯಿಪಾಠ ಮಾಡಿಸಿರುತ್ತಾರೆ. ಗ್ರೀಕಿನಲ್ಲಿ ಅದಕ್ಕೆ ಗುರಿ ತಪ್ಪುವುದು, ತಪ್ಪು ಹೆಜ್ಜೆ ಇಡುವುದು ಅನ್ನುವ ಅರ್ಥ. 'ಛಲದೊಳ್ ದುರ್ಯೋಧನಂ' ಅಂತ ಪಂಪನಿಂದ ಕಲಿತ ನಮಗೆ, ಒಂದೇ ಗುಣ ನಾಯಕನನ್ನು ಎತ್ತುವುದೂ ಬೀಳಿಸುವುದೂ ಗೊತ್ತು. ಆದರೆ ಈಡಿಪಸ್‌ನನ್ನು ಆ ಅಚ್ಚಿಗೆ ತುರುಕಬೇಡಿ. ಅವನು ಮಾಡಿದ್ದು ಗೊತ್ತಿಲ್ಲದೆ ಮಾಡಿದ್ದು.

ಈಗ ಅನುವಾದದ ಮಾತು. ಒಥೆಲೋದಲ್ಲಿ ಆನೆಸ್ಟ್ ಎಣಿಸಿದ ಹಾಗೆ ಇಲ್ಲಿ ಇಂಗ್ಲಿಷ್ ಪದ ಎಣಿಸಿ ಪ್ರಯೋಜನವಿಲ್ಲ, ಅದು ಅನುವಾದಕರ ಪದ. ಹಾಗಾಗಿ ಕಟ್ಟಡದ ಬಗ್ಗೆ ಬರೆಯಿರಿ: ಯಾರಿಗೆ ಯಾವಾಗ ಏನು ಗೊತ್ತಾಗುತ್ತದೆ ಅನ್ನುವುದರ ಬಗ್ಗೆ. ಇನ್ನೊಂದು ಲಾಭವೂ ಇದೆ. ಪಿ. ಲಂಕೇಶರು ಈ ನಾಟಕವನ್ನು ಕನ್ನಡಕ್ಕೆ ತಂದಿದ್ದಾರೆ. 1972ರಲ್ಲಿ ಬಿ.ವಿ. ಕಾರಂತರು ಅದನ್ನು ಬೆಂಗಳೂರಿನಲ್ಲಿ ಆಡಿಸಿದರು. ಗ್ರೀಕ್‌ನಿಂದ ನೋಡಿದರೆ ಇಂಗ್ಲಿಷ್ ಪಾಠವೂ ಅನುವಾದ, ಕನ್ನಡ ಪಾಠವೂ ಅನುವಾದ. ಕನ್ನಡದಲ್ಲಿ ಓದಿದೆ ಅಂತ ಕ್ಲಾಸಿನಲ್ಲಿ ಹೇಳಲು ಯಾರೂ ಸಂಕೋಚಪಡಬೇಕಾಗಿಲ್ಲ.

ಪುಸ್ತಕ, ಗೈಡ್, ಸಿನಿಮಾ

ಲೈಬ್ರರಿಯಲ್ಲಿ ಷೇಕ್ಸ್‌ಪಿಯರ್ ನಾಟಕಗಳ ಆರ್ಡೆನ್ ಆವೃತ್ತಿ ಇದ್ದರೆ ಎಂ.ಎ.ಯವರು ಅದನ್ನೇ ತಗೊಳ್ಳಿ. ಪುಟದ ಅರ್ಧ ಟಿಪ್ಪಣಿಯೇ ತುಂಬಿರುವುದರಿಂದ ಮೊದಲ ಓದಿಗೆ ಭಾರ. ಬಿ.ಎ.ಯವರಿಗೆ ಫೋಲ್ಜರ್ ಆವೃತ್ತಿ ಒಳ್ಳೆಯದು. ಒಂದು ಪುಟದಲ್ಲಿ ನಾಟಕ, ಎದುರು ಪುಟದಲ್ಲಿ ಅರ್ಥ, ಕಣ್ಣು ಓಡಾಡುವುದು ಸುಲಭ. ಮೂಲದ ಪಕ್ಕದಲ್ಲೇ ಈಗಿನ ಇಂಗ್ಲಿಷ್ ಕೊಟ್ಟಿರುವ ಪುಸ್ತಕಗಳನ್ನು ಬಳಸಿ, ತಪ್ಪೇನಿಲ್ಲ. ಆದರೆ ಮೊದಲು ಎಡಗಡೆ ಓದಿ, ಆಮೇಲೆ ಬಲಗಡೆ. ಬಲಗಡೆಯನ್ನೇ ಓದಿದರೆ "ಗ್ರೀನ್ ಒನ್ ರೆಡ್" ನಿಮ್ಮ ಕೈಗೆ ಸಿಗುವುದೇ ಇಲ್ಲ.

ಸಿನಿಮಾ ನೋಡಿ, ಅದಕ್ಕೂ ಅಡ್ಡಿಯಿಲ್ಲ. ವಿಶಾಲ್ ಭಾರದ್ವಾಜ್ ಅವರ ಓಂಕಾರ ಒಥೆಲೋವನ್ನು ಉತ್ತರ ಪ್ರದೇಶಕ್ಕೆ ತಂದಿದೆ. ಅಲ್ಲಿ ಕರ್ಚೀಫಿನ ಜಾಗದಲ್ಲಿ ಸೊಂಟದ ಡಾಬು ಬಂದಿದೆ. ಹಿಂದೊಮ್ಮೆ ಒಬ್ಬ ವಿದ್ಯಾರ್ಥಿ ಪರೀಕ್ಷೆಯಲ್ಲಿ ಒಥೆಲೋ ಡೆಸ್ಡಿಮೋನಾಗೆ ಡಾಬು ಕೊಟ್ಟ ಅಂತಲೇ ಬರೆದಿದ್ದ. ಅವನು ಬುದ್ಧಿವಂತ, ನಾಟಕ ಓದಿರಲಿಲ್ಲ ಅಷ್ಟೇ. ಓದಿದ್ದರೆ ಅದೇ ಬದಲಾವಣೆಯ ಮೇಲೆ ಸೊಗಸಾದ ಉತ್ತರ ಬರೆಯುತ್ತಿದ್ದ. ಒಡವೆ ಕಳೆದರೆ ಮನೆಯಲ್ಲಿ ಗಲಾಟೆ ಆಗುವುದು ಸಹಜ, ಕರ್ಚೀಫು ಕಳೆದರೆ? ಆ ಪ್ರಶ್ನೆ ಅವನ ಕೈಯಲ್ಲೇ ಇತ್ತು.

ಇನ್ನೂ ತೀರ್ಮಾನ ಆಗದಿದ್ದರೆ, ಹೆಸರು ಕೊಡುವ ಹಿಂದಿನ ಸಂಜೆ ಒಬ್ಬ ಗೆಳತಿಯನ್ನೋ ಗೆಳೆಯನನ್ನೋ ಕೂರಿಸಿಕೊಳ್ಳಿ. ಒಥೆಲೋದ ಮೂರನೇ ಅಂಕದ ಮೂರನೇ ದೃಶ್ಯ ತೆಗೆದು, ಒಬ್ಬರು ಒಥೆಲೋ, ಒಬ್ಬರು ಇಯಾಗೋ ಆಗಿ ಗಟ್ಟಿಯಾಗಿ ಓದಿ. ಆಮೇಲೆ ಪಾತ್ರ ಬದಲಾಯಿಸಿ ಇನ್ನೊಮ್ಮೆ ಓದಿ. "ಆನೆಸ್ಟ್, ಮೈ ಲಾರ್ಡ್?" ಅನ್ನುವುದನ್ನು ಮೂರು ನಾಲ್ಕು ಬಗೆಯಲ್ಲಿ ಹೇಳಿ ನೋಡಿ. ಎಲ್ಲಿ ನಿಲ್ಲಿಸಿದರೆ ಎದುರಿನವರ ಮುಖ ಬದಲಾಗುತ್ತದೆ ಅಂತ ಗಮನಿಸಿ. ಅದನ್ನು ಅಲ್ಲೇ ಕೂತು ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ. ಮರುದಿನ ನನ್ನ ಹತ್ತಿರ ಬರುವಾಗ ಆ ಹಾಳೆ ತನ್ನಿ.